ಮದುವೆಯ ಅಕ್ಕಿ

ಘಾನಾದ ಹೊಹೊಯೆ ಪಟ್ಟಣಕ್ಕೆ ಹೊರಟ ವ್ಯಾನಿನಲ್ಲಿ ಎನ್ಯೋನಾಮ್ ಕಿಟಕಿಯಾಚೆ ನೋಡುತ್ತ ಕೂತಿದ್ದರೂ ಕಿವಿ ಮಾತ್ರ ಮುಂದಿನ ಸೀಟಿನ ಇಬ್ಬರು ಹೆಂಗಸರ ಕಡೆಗಿತ್ತು.

"ಕಾಫುಯಿ, ಮಗಳ ಮದುವೆಗೆ ನಮ್ಮ ಗದ್ದೆ ಅಕ್ಕಿ ತಗೊಳ್ಳೇ. ನೀನೂ ಬೇಡ ಅಂದ್ರೆ ನಮ್ಮ ಹೆಂಗಸರ ಗಿರಣಿ ಮುಚ್ಚೋದೇ."

"ಬೀಗರು ಅಕ್ರಾದವರು ಕಣೆ ಯಾಯ್ರಾ. ಹಡಗಲ್ಲಿ ಬಂದ ಪರದೇಶದ ಅಕ್ಕಿ ಅಲ್ದಿದ್ರೆ ಮೂಗು ಮುರೀತಾರೆ."

"ಅದು ಯಾವ ಕಾಲದ್ದೋ! ನಮ್ಮದು ಮೊನ್ನೆ ಮೊನ್ನೆ ಕುಯ್ದದ್ದು."

"ಕಲ್ಲಿರತ್ತಲ್ಲ?"

"ಒಂದು ಕಲ್ಲು ಸಿಕ್ಕರೂ ಮದುವೆ ಮನೆ ಪಾತ್ರೆಯೆಲ್ಲ ನಾನೇ ತೊಳೀತೀನಿ."



"ಸರಿ, ಕೊಡು. ಆದ್ರೆ ಹಡಗಿನ ಅಕ್ಕಿ ಚೀಲದಲ್ಲಿ ತುಂಬಿಸಿ ಕೊಡು."

"ಕೊಡ್ತೀನಿ. ಬೀಗರು ಎರಡನೇ ಸಲ ಬಡಿಸ್ಕೊಂಡ ಮೇಲೆ ಮೈಕಲ್ಲಿ ನಿಜ ಹೇಳ್ತೀನಿ."

"ಮೂರನೇ ಸಲ ಬಡಿಸ್ಕೊಳ್ಲಿ, ಆಮೇಲೆ ಹೇಳು," ಎಂದಳು ಕಾಫುಯಿ.

ಗಿರಣಿ ಬಂತು. ಇಬ್ಬರೂ ಇಳಿದು ಹೋದರು.