ಕಂಡದ್ದನ್ನ ತಗದೇನಿ

...ಇಲ್ಲೋ ಕಾಮಣ್ಣಾ, ಕಂಡದ್ದನ್ನ ತಗದೇನಿ ನಾ! ಎಷ್ಟ ಸಲ ಹೇಳ್ಲಿ? ಪೆನ್ಸಿಲ್ ಹಿಡದ ಚಿತ್ರ ತಗ್ಯಾಂವ ಕಂಡದ್ದನ್ನ ತಗೀತಾನ, ಅಷ್ಟ. ಕುಂದ್ರು ಮೊದಲ. ಬಾಗಲ್ದಾಗ ಹಂಗ ನಿಂತ್ರ ಓಣ್ಯಾಗಿನ ಮಂದಿ ಏನಂದಾರು... ಕುಂದ್ರೋ ಮಾರಾಯಾ.

ಹಣಿ ಯಾಕ ಬರಿದೈತಿ? ನಿನ್ನ ಹಣ್ಯಾಗ ಭಂಡಾರ ಇಲ್ಲದ್ದು ಇವತ್ತ ನೋಡಿದೆ... ಹಿರ್ಯಾರು ಹಚ್ಚಬ್ಯಾಡ ಅಂದ್ರೇನು? ಗೋಣ ಹಾಕ್ತಿ, ಅಂದ್ರ ಖರೆ. ನಾಳೆ ನಿನ್ನ ಪಂಚಾಯ್ತಿ ಮಾಡಾಕ ಬೀರಪ್ಪನ ಗುಡ್ಯಾಗ ಎಲ್ಲಾರೂ ಕೂಡ್ತಾರಂತ ಕೇಳೇನಿ. ಒಂದ ಚಿತ್ರಕ್ಕ ಇಷ್ಟೆಲ್ಲಾ!

ಗೊತ್ತೈತಿ, ಗೊತ್ತೈತಿ. ನಿಮ್ಮ ಡೊಳ್ಳಿನ ಮೇಳದಾಗ ಕುಡದಾಂವ ತಾಳ ಮುಟ್ಟಂಗಿಲ್ಲ. ಅದರಾಗ ಕಂಬಳಿ ಹೊತ್ತು, ಭಂಡಾರ ಹಚ್ಚಿ, ಕೈಯಾಗ ಗ್ಲಾಸ್ ಹಿಡದ್ರ ಮುಗದ ಹೋತು, ಮುಂದ ಹಾಡೂ ಮಾತಿಲ್ಲ. ಆದ್ರ ನಾ ಏನ ಮಾಡ್ಲಿ? ನಾ ಆ ಚಿತ್ರ ಬಾರಿನ ಗ್ವಾಡಿಗೆ ಅಂಟಿಸಿದ್ದೆ. ಮೊಬೈಲ್‌ದಾಗ ಫೋಟೋ ಹೊಡದಾಂವ ಯಾರೋ, ನಿಮ್ಮೂರು ಚಿಮ್ಮಡತನಾ ಮುಟ್ಟಿಸಿದಾಂವ ಯಾರೋ! ಫೋಟೋದಾಗ ಎಲ್ಲಾ ಮಸಕ, ಹಾಳ ಗ್ಲಾಸ್ ಒಂದ ಚೊಕ್ಕ ಬಂದೈತಿ.

ಯಾಕ ನಗ್ತಿ? ಹಂಗ ನಗಬ್ಯಾಡ.

ಶಿವಯೋಗೆಪ್ಪ ತನ್ನ ಬಾರಿನ ಹಿಂದಿನ ತ್ವಾಟದಾಗ ಆಯತಾರಕ್ಕೊಮ್ಮೆ ಕಲಾ ಸಂಜಿ ಚಾಲೂ ಮಾಡಿದಾಗ ನಿನ್ನ ಕರ್ಕೊಂಡ ಹೋದಾಂವ ಯಾರು? ನಾನ! ಬಾರಿಗೆ ಒಲ್ಲೆ ಅಂದಿ. ಚಾ ಕುಡಿ, ಒಂದ ಪದಾ ಹಾಡು, ಯಾರರ ಏನರ ಅಂದ್ರ ನಾ ಅದೇನಿ ಅಂದೆ... ಅಂದಿದ್ದೆ. ಹೌದು ಅಂದಿದ್ದೆ. ಹಂಗ ನೋಡಬ್ಯಾಡ.

ಏನ ಮಂದಿ ಅಲ್ಲಿ, ಅಲಾ! ಸಮೀರವಾಡಿ ಸಕ್ರಿ ಫ್ಯಾಕ್ಟರಿ ಬಾಬು ಗಜಲ್ ಓದಿ, ಕಣ್ಣ ಮುಚ್ಚಿ, ವಾಹ್ ಅನ್ನೂತನಾ ತಗೀತಿರಲಿಲ್ಲ. ಬೆಲ್ಲದ ದಲಾಲಿ ಶಿದ್ರಾಮಪ್ಪ ಎರಡ ಪೆಗ್ ಆದ ಮ್ಯಾಲ ಭಜನಿ ಹಾಡಿ ತಾನ ಅಳಾಂವ. ಎಲ್ಲಾರೂ ನನ್ನ ಟೇಬಲ್ಲಿಗೆ ಬರೂದು. ಸಂಜು, ನಂದೊಂದ ತಗಿ! ಹೊಟ್ಟಿ ಸಣ್ಣದ ಮಾಡು, ಮೀಸಿ ದಪ್ಪ ಮಾಡು! ದಿನಾ ಸೀರಿ ದಡಿಗೆ ಡಿಸೈನ್ ತಗ್ಯಾಂವನ ಸುತ್ತ ಅಷ್ಟ ಮಂದಿ! ನಾನೂ ಹೊಟ್ಟಿ ಸಣ್ಣ ಮಾಡಿ ಕೊಡತಿದ್ದೆ...

ಯಾಕ ಹುಬ್ಬ ಹಾರಸ್ತಿ? ಅದು ಬ್ಯಾರೆ! ಹೊಟ್ಟಿ ಸಣ್ಣ ಮಾಡೂದು ಬ್ಯಾರೆ.

ಆಮ್ಯಾಲ ನೀ ಬಂದಿ. ತಾಳ ಬಡದಿ, ದನಿ ಎತ್ತಿದಿ... ಎಲ್ಲಾರೂ ಖುರ್ಚಿ ತಿರಿವಿದ್ರು. ಅವತ್ತ ನಾ ತಗದದ್ದು ಬರೇ ಬೆನ್ನು. ಮುಂದಿನ ಆಯತಾರ? ಬೆನ್ನು. ಶಿದ್ರಾಮಪ್ಪನ ಬೆನ್ನು, ಬಾಬುನ ಬೆನ್ನು. ನಂದೊಂದ ತಗಿ ಅಂತ ಒಬ್ಬಾಂವರ ಬರ್ಲಿಲ್ಲ. ಹೊಟ್ಟಿಕಿಚ್ಚಲ್ಲ ಮತ್ತ! ಹೊಟ್ಟಿಕಿಚ್ಚ ಅಂದ್ರ ಸಿಟ್ಟ ಬರತೈತಿ ನನಗ! ...ಇಲ್ಲ, ನೀ ಅಂದಿಲ್ಲ. ಬಂದಾಗಿಂದ ಏನೂ ಅಂದಿಲ್ಲ.

ನಾಳೆ ಗುಡಿಗೆ ಬಂದು ಏನ ಹೇಳ್ಲಿ? ಸಂಜು ಸುಳ್ಳ ತಗೀತಾನ ಅಂತ ನಾನ ಹೇಳ್ಲೇನು? ಆಮ್ಯಾಲ ನನ್ನ ಯಾರ ಕೇಳ್ತಾರ?

ಚೀಲದಾಗ ಏನೈತಿ? ...ಅಯ್ಯ, ಗ್ವಾಡೀದು ಕಿತ್ಕೊಂಡ ಬಂದ್ಯಾ! ಆತು, ಹಾಸು. ನೋಡೂಣು. ಇದು ನಿನ್ನ ಕಂಬಳಿ. ಇದು ಭಂಡಾರ. ಎಡಗೈಯಾಗ ಒಂದ ತಾಳ, ಬಲಗೈಯಾಗ ಗ್ಲಾಸ್. ಹಾಡ ಮುಗದಿತ್ತು, ಯಾರೋ ಕೊಟ್ರು, ಹಿಡದಿ. ಬಾಯಿ? ಬಾಯಿ ತಗದದ್ದೈತಿ, ಹೌದು... ಹಾಡಾಕ... ಕುಡ್ಯಾಕ... ಏನೋ ಒಂದ!

ಬಟ್ಟು ಯಾಕ ಇಟ್ಟಿ ಅಲ್ಲಿ? ಅದು ತಾಳದ ದಾರ. ಎರಡೂ ತಾಳಕ್ಕ ಒಂದ ದಾರ ಕಟ್ಟಿರತಾರ, ಅಷ್ಟೂ ಗೊತ್ತಿಲ್ಲೇನ ನನಗ? ಎಡಗೈ ತಾಳದಿಂದ ಹೊಂಟು... ಎದಿ ಮುಂದ ಹಾದು... ಬಟ್ಟು ಸರಸಬ್ಯಾಡೋ... ಬಲಗೈಗೆ... ಗ್ಲಾಸಿಗೆ...

ಮಾತಾಡು.

ಮಾತಾಡೋ!

...ಬಲಗೈ ತಾಳ ಅಳಸಿದೆ. ದಾರ ಅಳಸೂದು ಮರತೆ, ಕಾಮಣ್ಣಾ. ಗ್ಲಾಸ್ ನಂದು. ನನ್ನ ಟೇಬಲ್ಲಿನ ಮ್ಯಾಲಿಂದು, ಅದನ್ನ ನೋಡಿ ತಗದೆ. ನಿನ್ನ ಕೈಯಾಗ ಚಾದ ಕಪ್ಪ ಬಿಟ್ಟು ಎಂದೂ ಏನೂ ನೋಡಿಲ್ಲ ನಾ.

ಯಾಕ ಎದ್ದಿ? ತಡಿ. ನಾಳೆ ನಾ ಬರ್ತೇನಿ, ಎಲ್ಲಾರ ಮುಂದ ಹೇಳ್ತೇನಿ... ಚಿತ್ರ ಯಾಕ ಇಲ್ಲೇ ಬಿಟ್ಟ ಹೊಂಟಿ? ಏ! ಒಯ್ಯೋ ಇದನ್ನ! ನನ್ನ ಹಂತ್ಯಾಕ ಬಿಡಬ್ಯಾಡ. ನಾ ಎಂಥಾಂವ ಅಂತ ಈಗ ನೋಡಿದಿಲ್ಲೊ? ರಬ್ಬರ್ ಇಲ್ಲೇ ಐತಿ, ದಾರ ಅಳಸಾಕ ಎಷ್ಟೊತ್ತ, ಕಾಮಣ್ಣಾ... ಒಯ್ಯೋ!