ತಿಬ್ಬಮ್ಮ ಬೆಕ್ಕಿಗೇ ಅಡ್ಡ ಬಂದದ್ದು

ಹೂಂ ಅನ್ನಿ, ಹೇಳ್ತೀನಿ. ಹೂಂ ಅನ್ನೋಕೂ ಸೋಮಾರಿತನವಾದರೆ ತಲೆಯನ್ನಾದರೂ ಆಡಿಸಿ.

ಬೆಕ್ಕಿಗೆ ಮಾತು ಬರುತ್ತಿದ್ದ ಕಾಲ. ಯಾವುದೋ ಸೀಮೆ, ಅಲ್ಲೊಂದು ಊರು. ಊರ ಕೊನೆಗೆ ತಿಬ್ಬಮ್ಮ ಅಂತ ಒಬ್ಬಳು ಮುದುಕಿ. ಗಂಡ ತೀರಿಕೊಂಡು ಯಾವ ಕಾಲವಾಗಿತ್ತೋ. ಅವಳಿಗಿದ್ದದ್ದು ಕೆಂಚಿ ಅನ್ನೋ ಒಂದು ಹ್ಯಾಟೆಕೋಳಿ, ಅದರ ರೆಕ್ಕೆಯಡಿ ಒಂದಿಷ್ಟು ಮರಿ. ಎಂಥ ಕೋಳಿ ಅಂತೀರಿ? ತಿಬ್ಬಮ್ಮ ಮದುವೆಯಾಗಿ ಬರುವಾಗ ಅವರವ್ವ ಮಡಿಲಿಗೆ ಹಾಕಿ ಕಳಿಸಿದ್ದ ಕೋಳಿಯ ಮರಿಮೊಮ್ಮಗಳು! ತವರಲ್ಲಿ ಈಗ ಒಂದು ನರಪಿಳ್ಳೆಯೂ ಇಲ್ಲ. ತವರು ಅಂತ ಉಳಿದದ್ದು ಆ ಕೋಳಿಯೊಂದೇ. ಅದು ಹೋದರೆ ತವರೇ ಹೋದಂತೆ.

ಅಂಥಾ ಊರಿಗೆ ಎಲ್ಲಿಂದಲೋ ಬೀದಿಬೆಕ್ಕುಗಳು ಬಂದು ಸೇರಿಕೊಂಡವು. ಎಂಥಾ ಬೆಕ್ಕು! ಒಂದೊಂದೂ ಎಮ್ಮೆಕರುವಿನಷ್ಟು. ಮೀಸೆ ಅಲ್ಲಾಡಿಸಿದರೆ ದೀಪ ಆರಬೇಕು. ಅವುಗಳ ಯಜಮಾನ ಒಂದು ಹರಕುಕಿವಿ. ದಿನಾ ಬರೋದು, ಮರಿ ಎತ್ತೋದು, ಗೋಡೆ ಮೇಲೆ ಕೂತು ತೇಗೋದು.

ತಿಬ್ಬಮ್ಮ ಹಿತ್ತಲಿಗೆಲ್ಲ ಜಾಲಿಮುಳ್ಳು ಹಾಕಿದಳು. ಬೆಕ್ಕು ಏನು ಮಾಡಿದವು? ಮರಿ ತಿಂದು, ಅದೇ ಮುಳ್ಳು ಮುರಿದು ಹಲ್ಲು ಚುಚ್ಚಿಕೊಂಡವು.

ಮಂಕರಿ ಕವುಚಿ ಮರಿ ಮುಚ್ಚಿ, ಮೇಲೆ ಒರಳುಕಲ್ಲು ಹೇರಿದಳು. ಬೆಕ್ಕು ಏನು ಮಾಡಿದವು? ಅದೇ ಒರಳಲ್ಲಿ ಖಾರ ಅರೆದುಕೊಂಡವು.

ಬೆಕ್ಕುಗಳನ್ನೇ ಗೋಣಿಚೀಲಕ್ಕೆ ತುಂಬಿ ಹೊಳೆ ದಾಟಿಸಿ ಬಿಟ್ಟುಬಂದಳು. ಬಂದು ನೋಡ್ತಾಳೆ, ಜಗಲಿ ಮೇಲೆ ಅವೇ!

"ಬಂದ್ಯಾ ಅವ್ವ? ಬಿಸಿಲಲ್ಲಿ ದಣಿದಿದ್ದೀಯ, ಕೂತ್ಕೊ. ಆಚೆ ದಡದಲ್ಲಿ ನಮ್ಮ ನೆಂಟರು ಸಿಕ್ಕಿದ್ರು, ಅವರನ್ನೂ ಕರ್ಕೊಂಡ್ ಬಂದ್ವಿ" ಅಂತು ಹರಕುಕಿವಿ.

ಹಿಂಗೇ ಆಗಿ ಆಗಿ, ಉಳಿದದ್ದು ಕೆಂಚಿ, ಅದಕ್ಕೊಂದು ಮರಿ.

"ತಡೀರಿ, ಸಂತೆಯಿಂದ ನಾಯಿ ತರ್ತೀನಿ" ಅಂತ ತಿಬ್ಬಮ್ಮ ಹೊರಟಳು. ಹೊಸಲು ದಾಟಿದಳೋ ಇಲ್ಲವೋ, ಬೆಕ್ಕು ಅಡ್ಡ ಬಂತು. ಬೆಕ್ಕು ಅಡ್ಡ ಬಂದರೆ ಹೋಗೋಕಾಗುತ್ತಾ? ನೀವಾದರೆ ಹೋಗ್ತೀರಾ? ಒಳಗೆ ಬಂದಳು, ಕೂತಳು, ನೀರು ಕುಡಿದಳು. ಮತ್ತೆ ಹೊರಟಳು. ಇನ್ನೊಂದು ಬೆಕ್ಕು ಅಡ್ಡ. ಒಳಗೆ ಬಂದಳು, ಕೂತಳು, ನೀರು ಕುಡಿದಳು. ಮತ್ತೆ ಹೊರಟಳು. ಮಗದೊಂದು! ಕುಡಿದೂ ಕುಡಿದೂ ಹೊಟ್ಟೆ ಕೆರೆಯಾಗಿ, ನಡೆದರೆ ಗುಳುಗುಳು ಅಂತಿತ್ತು. ಕೇಳಿದ್ರಾ, ಬೆಕ್ಕುಗಳು ಅಡ್ಡ ಬರೋಕೆ ಸರದಿ ಹಾಕಿಕೊಂಡಿದ್ದವು!

"ಆದದ್ದಾಗಲಿ" ಅಂತ ಬೀದಿಗೆ ಇಳಿದೇಬಿಟ್ಟಳು. ಎದುರಿಗೆ ಊರಗೌಡ. ರುಮಾಲು ಸುತ್ತಿ, ಮಗನಿಗೆ ಹೆಣ್ಣು ನೋಡೋಕೆ ಹೊರಟಿದ್ದ. ತಿಬ್ಬಮ್ಮನ ಬೋಳು ಹಣೆ ಕಂಡಿತು.

"ಥತ್! ಗಂಡ ಸತ್ತೋಳು ಎದುರಾದ್ಲು" ಅಂತ ತಿರುಗಿ ಮನೆಗೆ ಹೋದ, ಕೂತ, ನೀರು ಕುಡಿದ.

ತಿಬ್ಬಮ್ಮ ಅಲ್ಲೇ ನಿಂತಳು. ಮೊದಲು ಮುಖ ಸಣ್ಣದಾಯ್ತು. ಆಮೇಲೆ ಒಳಗಿನಿಂದ ನಗು ಉಕ್ಕಿತು.

"ಅಯ್ಯೋ, ಬೆಕ್ಕಿನ ಕಸುಬು ನಂಗೂ ಬರ್ತದಲ್ಲ! ಇಷ್ಟು ವರ್ಷ ದಂಡವಾಗಿ ಹೋಯ್ತಲ್ಲ!"

ಇನ್ನು ನಾಯಿ ಯಾಕೆ ಅಂತ ಸಂತೆ ಬಿಟ್ಟು ಮನೆಗೆ ತಿರುಗಿದಳು. ಮಾರನೆ ದಿನ ಬೆಕ್ಕುಗಳು ಸಾಲಾಗಿ ಬಂದವು. ಕೆಂಚಿ ಮರಿಯನ್ನು ಅವುಚಿಕೊಂಡು ನಡುಗುತ್ತಿತ್ತು. ಹರಕುಕಿವಿ ಹಾರಬೇಕು, ಅಷ್ಟರಲ್ಲಿ ತಿಬ್ಬಮ್ಮ ಸೆರಗು ಸಿಕ್ಕಿಸಿ, ಆ ಕಡೆಯಿಂದ ಈ ಕಡೆಗೆ ಸರ್ರನೆ ನಡೆದಳು.

"ಇದೇನವ್ವ?"

"ಅಡ್ಡ ಬಂದೆ ಕಣಪ್ಪ."

"ನೀನು ಬಂದ್ರೆ ನಮಗೇನಾಯ್ತು?"

"ನನ್ನ ಕಂಡು ಗೌಡನೇ ಮನೆಗೆ ತಿರುಗಿದ. ನೀವೇನು ಗೌಡನಿಗಿಂತ ದೊಡ್ಡೋರಾ? ಹೋಗಿ ಹೋಗಿ. ಮೂಳೆ ಗಂಟಲಿಗೆ ಸಿಕ್ಕಿಕೊಂಡ್ರೆ ನನ್ನ ಕೇಳಬೇಡಿ."

ಬೆಕ್ಕುಗಳು ಮುಖ ಮುಖ ನೋಡಿಕೊಂಡವು. ಹರಕುಕಿವಿ ಮೆಲ್ಲಗೆ ಅಂತು: "ಅಡ್ಡ ಬರೋದನ್ನ ನಾವೇ ನಂಬದಿದ್ರೆ, ನಾಳೆ ನಮ್ಮನ್ನ ಕಂಡು ನಿಲ್ಲೋರ್ಯಾರು? ನಡೀರಿ."

ತಿರುಗಿದವು, ಕೂತವು, ನೀರು ಕುಡಿದವು. ಮತ್ತೆ ಬಂದವು, ತಿಬ್ಬಮ್ಮ ಅಡ್ಡ. ಮತ್ತೆ ಬಂದವು, ಮತ್ತೆ ಅಡ್ಡ. ಹೊಟ್ಟೆ ತಮಟೆಯಾಯ್ತು. ಕೊನೆಗೆ ಗೋಡೆ ಹತ್ತಿ ಕೂತವು.

"ನೀ ಮೊದಲು ಹೋಗು."

"ಬ್ಯಾಡಣ್ಣ, ಹಿರಿಯರು ಮೊದಲು."

ಇವತ್ತಿಗೂ ಬೆಕ್ಕು ಗೋಡೆ ಮೇಲೆ ಕೂತು ಕೋಳಿಯನ್ನೇ ನೋಡ್ತಿರುತ್ತಲ್ಲ, ಯಾಕೆ ಅಂದುಕೊಂಡಿರಿ? ಇನ್ನೊಬ್ಬರು ಮೊದಲು ಹೋಗಲಿ ಅಂತ!

ಆದರೆ ಹೊಟ್ಟೆ ಸುಮ್ಮನಿರುತ್ತಾ? ಎಲ್ಲಾ ಎದ್ದು ಗೌಡನ ಹಿತ್ತಲಿಗೆ ನುಗ್ಗಿದವು. ಮೂರು ದಿನದಲ್ಲಿ ಗೌಡನ ಕೋಳಿಗೂಡು ಅರ್ಧ ಖಾಲಿ. ಗೌಡ ಓಡೋಡಿ ಬಂದು, ತಿಬ್ಬಮ್ಮನ ಮುಖ ನೋಡಬಾರದಲ್ಲ, ಬೆನ್ನು ತಿರುಗಿಸಿ ನಿಂತ.

"ತಿಬ್ಬವ್ವ, ನಮ್ಮ ಹಿತ್ತಲಿಗೂ ಒಸಿ ಅಡ್ಡ ಬಾರವ್ವ."

"ಯಾರ ಹತ್ರ ಮಾತಾಡ್ತಿದ್ದೀರಿ ಗೌಡ್ರೇ, ಬೇಲಿ ಹತ್ರವಾ? ಬರ್ತೀನಿ. ಆದ್ರೆ ಸಂದೀಲಿ ನುಸುಳಿ ಬರೋಳಲ್ಲ. ನೀವು ತಲೆಬಾಗಿಲಲ್ಲಿ ನಿಂತು, ಮುಖ ನೋಡಿ ಕರೀಬೇಕು."

ಏನು ಮಾಡ್ತಾನೆ? ಬೆಳಗಾಗೆದ್ದು ಬಾಗಿಲಲ್ಲಿ ನಿಂತ. ತಿಬ್ಬಮ್ಮ ಕೆಂಚಿಯನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ನಡುವೆ ಬಂದಳು.

"ಬಾ... ಬಾರವ್ವ" ಅಂದ ಗೌಡ. ಬಾಯಿ ಕರೀತು, ಕಾಲು ಕೇಳಬೇಕಲ್ಲ! ಅಭ್ಯಾಸ ನೋಡಿ, ಸರಕ್ಕನೆ ಒಳಕ್ಕೆ ತಿರುಗಿತು. ತಿರುಗಿದರೆ, ಒಳಗಿನಿಂದ ಹರಕುಕಿವಿ ಹೊಸಲಿಗೆ ಅಡ್ಡ ಬಂತು!

ಮುಂದೆ ತಿಬ್ಬಮ್ಮ, ಹಿಂದೆ ಬೆಕ್ಕು. ಈಗ ಎಲ್ಲಿಗೆ ಹೋಗ್ತಾನೆ ಹೇಳಿ?

ಅಲ್ಲೇ ಹೊಸಲ ಮೇಲೆ ಕುಕ್ಕರಿಸಿದ. "ನೀರು..." ಅಂದ. ಮನೆಯವರು ಬರೋಕೆ ಬೆಕ್ಕು ಅಡ್ಡ. ತಿಬ್ಬಮ್ಮನೇ ಬಾಗಿಲಾಚೆಯ ನೀರಿನ ತೊಟ್ಟಿಯಿಂದ ಒಂದು ಚೊಂಬು ತುಂಬಿ ಕೈಗಿಟ್ಟಳು. ಗೌಡ ಗಟಗಟ ಕುಡಿದು, ತಲೆಯೆತ್ತಿ ಅವಳ ಮುಖ ನೋಡಿದ. ಮನೆ ಬಿದ್ದುಹೋಗಲಿಲ್ಲ. ಆಕಾಶವೂ ಬೀಳಲಿಲ್ಲ.

"ಇನ್ನೊಂದು ಚೊಂಬು ಕೊಡ್ಲಾ ಗೌಡ್ರೇ?"

"ಕೊಡವ್ವ" ಅಂದ ಗೌಡ. "ನಿನ್ನ ಕೋಳಿಗೂ ಒಂದು ಬೊಗಸೆ ಜೋಳ ಹಾಕಿಸ್ತೀನಿ, ಒಳಗೆ ಬಾ."

ಕೋಳಿ ಗೂಡಿಗೆ, ಬೆಕ್ಕು ಗೋಡೆಗೆ, ಕೇಳಿದವರು ಅವರವರ ಮನೆಗೆ.