ಹೊಗೆ ಕಾಣದ ಮನೆ

ಎಸ್ಟಿಲ್ ಆವತ್ತು ಕುಡಿದಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಗಬೇಡಿ.

ಅವನು ನನ್ನ ದೊಡ್ಡಪ್ಪನ ಮಗ. ನವೆಂಬರ್ ತಿಂಗಳು. ಗಿರಣಿಯಿಂದ ಮೆಕ್ಕೆಜೋಳದ ಹಿಟ್ಟಿನ ಮೂಟೆ ಹೊತ್ತು ಹೊಳೆದಂಡೆಯಲ್ಲಿ ಬರುತ್ತಿದ್ದ. ನಮ್ಮ ಬೆಟ್ಟಗಳ ಸಂದಿಯಲ್ಲಿ ಐದು ಗಂಟೆಗೇ ಕತ್ತಲು. ಹಳೇ ತೂಗುಸೇತುವೆಯ ಕಂಬ ಇತ್ತಲ್ಲ... ಅಲ್ಲಿ ಕಾಲು ಮುಂದೆ ಬರಲಿಲ್ಲವಂತೆ.

ಟೊಕ್... ಟೊಕ್... ಟೊಕ್...

ಹಲಗೆ ಮೇಲೆ ನಡೆಯುವ ಸದ್ದು. ನಡುನಡುವೆ ತಂತಿ ಕಿರ್ರ್ ಅನ್ನುತ್ತಿತ್ತು. ಯಾರೋ ದಾಟುತ್ತಿದ್ದಾರೆ, ಅದರಲ್ಲೇನು ಅನ್ನುತ್ತೀರಿ. ಆ ಸೇತುವೆ ಬಿಚ್ಚಿ ಎರಡು ತಿಂಗಳಾಗಿತ್ತು.

ಯಾಕೆ ಬಿಚ್ಚಿದರು? ಈ ಎಸ್ಟಿಲ್‌ನಿಂದಲೇ.

ನಮ್ಮ ಲಂಡ್ರಮ್ ಕೌಂಟಿ, ಅಂದರೆ ನಮ್ಮ ಜಿಲ್ಲೆ, ಹುಟ್ಟಿದ್ದೇ ಮೂರು ಕೌಂಟಿಯವರು ಬೇಡ ಅಂತ ಬಿಟ್ಟ ಬೆಟ್ಟಗಳನ್ನು ಒಟ್ಟು ಮಾಡಿ. ಒಂದು ಹೊಳೆ, ಹನ್ನೊಂದು ಕಣಿವೆ. ಕಲ್ಲಿದ್ದಲು ಇರುವ ತನಕ ಜನ ಇದ್ದರು, ಆಮೇಲೆ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಆ ವರ್ಷ, ಮೂವತ್ತನೇ ಇಸವಿಯ ಜನಗಣತಿಗೆ, ಎಸ್ಟಿಲ್‌ನನ್ನು ಹಾಕಿದರು. ಮೈಗಳ್ಳ. ಬೆಳಿಗ್ಗೆ ಗುಡ್ಡದ ತುದಿಯಲ್ಲಿ ನಿಂತು ಹೊಗೆ ನೋಡುತ್ತಿದ್ದ. ಹೊಗೆ ಎದ್ದ ಮನೆಗೆ ಮಾತ್ರ ಹೋಗುವುದು, ಏಳದ ಮನೆಗೆ 'ಖಾಲಿ' ಅಂತ ಬರೆಯುವುದು.

ಹೊಳೆಯಾಚೆ ಉಳಿದಿದ್ದು ಒಂದೇ ಮನೆ, ಓವಾ ಟ್ಯಾಕೆಟ್‌ದು. ಗಣಿ ಕೆಲಸ ಹುಡುಕಿಕೊಂಡು ಹೋದ ಗಂಡನ ಪತ್ತೆಯಿರಲಿಲ್ಲ. ಅವಳು, ಒಂದು ಹಸುಗೂಸು. ಎಸ್ಟಿಲ್ ನೋಡಿದ ದಿನ ಸೌದೆ ಒದ್ದೆಯಾಗಿ ಒಲೆ ಹತ್ತಲಿಲ್ಲ, ಅಷ್ಟೇ. ಆ ಮನೆಗೂ 'ಖಾಲಿ' ಅಂತ ಬಿತ್ತು.

ಆಚೆ ಜನವೇ ಇಲ್ಲದ ಮೇಲೆ ಸೇತುವೆ ಯಾಕೆ ಅಂತ ಸೆಪ್ಟೆಂಬರಿನಲ್ಲಿ ಕೌಂಟಿಯವರು ಹಲಗೆ ತಂತಿ ಬಿಚ್ಚಿಕೊಂಡು ಹೋಗಲು ಬಂದರು. ಅವಳು ಆಚೆ ದಂಡೆಯಲ್ಲಿ ನಿಂತು ಕೂಗಿದಳು. ಬಂದವನೊಬ್ಬ ಕಾಗದ ಎತ್ತಿ ತೋರಿಸಿದ. "ಆಚೆ ಯಾರೂ ಇಲ್ಲ ಅಂತಿದೆಯಲ್ಲಮ್ಮ ಇದ್ರಲ್ಲಿ!"

ಕಣ್ಣೆದುರು ನಿಂತವಳಿಗೆ ಹಾಗಂದ.

ಅಕ್ಟೋಬರಿನಲ್ಲಿ ಎಂಟು ತಿಂಗಳ ಆ ಕೂಸಿಗೆ ಕೆಮ್ಮು ಹತ್ತಿತು. ಘೊಗ್... ಘೊಗ್... ನಾಯಿ ಬೊಗಳಿದ ಹಾಗೆ. ಹೊಳೆಯೀಚೆ ನಮ್ಮ ಮನೆಗೂ ಕೇಳುತ್ತಿತ್ತು. ಬೆಳಗಾಗಲಿ ಅಂದುಕೊಂಡೆವು. ಅವಳು ಬೆಳಗಾಗುವ ತನಕ ಕಾಯಲಿಲ್ಲ, ಕೂಸನ್ನು ಎದೆಗೆ ಕಟ್ಟಿಕೊಂಡು ನೀರಿಗೆ ಇಳಿದಳು. ಮೂರನೇ ದಿನ ಕೆಳಗಡೆ ಮರದ ಬೇರಿನಲ್ಲಿ ಸಿಕ್ಕರು, ಇಬ್ಬರೂ.

ಈಗ ಎಸ್ಟಿಲ್ ಆ ಕಂಬದ ಹತ್ತಿರ ನಿಂತಿದ್ದಾನೆ. ಟೊಕ್... ಟೊಕ್... ಸದ್ದು ಈಚೆ ದಂಡೆಗೆ ಬಂದು ನಿಂತಿತು. ಘೊಗ್ ಅಂತ ಒಂದು ಕೆಮ್ಮು.

"ಎಸ್ಟಿಲಣ್ಣ..."

"ಯಾ... ಯಾರು?"

"ನಾವೇ. ಎಷ್ಟು ಜನ ಅಂತ ಬರ್ಕೋ."

"ಪುಸ್ತಕ ಇಲ್ಲಮ್ಮ... ಕೊಟ್ಟಾಯ್ತು."

"ಮತ್ತೆ ಯಾವಾಗ ಬರ್ತೀರ?"

"ಹ... ಹತ್ತು ವರ್ಷಕ್ಕೆ."

"ಆಗ್ಲಿ," ಅಂದಳಂತೆ.

ಹಿಟ್ಟಿನ ಮೂಟೆ ಅಲ್ಲೇ ಬಿಸಾಕಿ ಓಡಿ ಬಂದ. ಆ ವರ್ಷವೇ ಊರು ಬಿಟ್ಟು ಒಹಾಯೋ ರಾಜ್ಯ ಸೇರಿದ. ಹೇಡಿ, ಬೇರೇನು ಮಾಡಿಯಾನು.

ಇಷ್ಟು ಅವನು ಹೇಳಿದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇನ್ನು ಹೇಳುವುದು ನಾನು ಕಂಡದ್ದು.

ನಲವತ್ತನೇ ಇಸವಿಯ ಏಪ್ರಿಲ್. ಹೊಳೆ ತುಂಬಿ ಹರಿಯುತ್ತಿತ್ತು. ಸೇತುವೆ ಇಲ್ಲ, ದೋಣಿ ಇಲ್ಲ. ಈ ಸಲ ಗಣತಿಗೆ ಬಂದವಳು ಬೇರೆ ಕಡೆಯವಳು, ಲೊರೀನ್ ಅಂತ. ನಮ್ಮಲ್ಲೇ ಉಳಿದುಕೊಂಡಿದ್ದಳು. ಒಂದು ಸಂಜೆ ಬಂದವಳೇ ಊಟಕ್ಕೆ ಮುಂಚೆ ಹಾಳೆ ಹರಡಿಕೊಂಡು ಅಂದಳು:

"ಹೊಳೆಯಾಚೆ ಒಂದು ಮನೆ ಬಿಟ್ಟೇಹೋಗ್ತಿತ್ತು ನೋಡಿ ಅಕ್ಕ. ಪಾಪ, ಎಳೇ ಹುಡುಗಿ. 'ಬರ್ಕೊಂಡ್ರಾ, ಸರಿಯಾಗಿ ಬರ್ಕೊಂಡ್ರಾ' ಅಂತ ಮೂರು ಸಲ ಕೇಳಿದ್ಲು."

ದೀಪ ಹತ್ತಿರ ಹಿಡಿದು ಓದಿದೆ. ಓವಾ ಟ್ಯಾಕೆಟ್, ವಯಸ್ಸು ಇಪ್ಪತ್ತೆರಡು. ಮಗ, ಎಂಟು ತಿಂಗಳು.

"ನೀನು ದಾಟಿದ್ದು ಹೇಗಮ್ಮ?"

"ನಡ್ಕೊಂಡು," ಅಂದಳು.

ಒಣಗಲಿ, ಒಲೆ ಹತ್ತಿರ ಇಡೋಣ ಅಂತ ಅವಳ ಬೂಟು ಎತ್ತಿಕೊಂಡೆ. ಈ ಕೈಯಲ್ಲೇ ಎತ್ತಿದ್ದು, ಸುಳ್ಳು ಹೇಳಿ ನನಗೇನು ಆಗಬೇಕಾಗಿದೆ...

ಎರಡೂ ಒಣಗೇ ಇದ್ದವು.